ಮರಗಸಿ ಗುತ್ತಿಗೆ ಕೊಡುವಾಗ ಕರಾರಿನಲ್ಲಿ ಏನೇನು ಬರೆಸಬೇಕು?

ಪ್ರಶ್ನೆ (ಬೆಳೆಗಾರರು, ಮೂಡಿಗೆರೆ ತಾಲ್ಲೂಕು): ಎಂಟು ಎಕರೆ ಕಾಫಿ ತೋಟ. ಐದು ಎಕರೆ ಅರೇಬಿಕಾ, ಮೂರು ಎಕರೆ ರೋಬಸ್ಟಾ. ಸಿಲ್ವರ್ ಓಕ್ ಮರಗಳ ಮೇಲೆ ಕಾಳುಮೆಣಸು ಹಬ್ಬಿದೆ. ನಡುನಡುವೆ ಹಳೇ ಅತ್ತಿ, ಬಸರಿ, ಗೋಣಿ, ಎರಡು ಬೀಟೆ. ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸಕ್ಕೆ, ಹೊರಗಿನ ತಂಡ ಬಂದಿದೆ. ದಿನಗೂಲಿ ಲೆಕ್ಕ, ಅರ್ಧ ಹಣ ಮುಂಗಡ, ಸೌದೆ ಅವರಿಗೇ ಅಂತಾರೆ. ಎಲ್ಲ ಬಾಯಿಮಾತು. ಒಂದು ಪುಟದ ಕರಾರು ಮಾಡಿಕೊಳ್ಳೋಣ ಅಂತಿದ್ದೀನಿ. ಏನೇನು ಬರೆಸಲಿ?

ಉತ್ತರ (ಮರಗಸಿ ಗುತ್ತಿಗೆದಾರ, ಸಕಲೇಶಪುರ): ದಿನಗೂಲಿ ಲೆಕ್ಕ ಬೇಡ ಸರ್, ಮರದ ಲೆಕ್ಕಕ್ಕೆ ಮಾತಾಡಿ. ದಿನದ ಲೆಕ್ಕದಲ್ಲಿ ಏಣಿ ಎಟುಕುವ ಸುಲಭದ ಮರಗಳು ಮೊದಲು ಮುಗಿಯುತ್ತವೆ. ಕಷ್ಟದ ಅತ್ತಿ, ಗೋಣಿ ಕೊನೆಗೆ ಉಳಿಯುತ್ತವೆ, ಅಷ್ಟರಲ್ಲಿ ಮಳೆ ಹಿಡಿದು ತಂಡ ಹೊರಟುಹೋಗುತ್ತದೆ. ಮರದ ಲೆಕ್ಕದಲ್ಲೂ ಒಂದು ಅಪಾಯ ಇದೆ: ಅವಸರ. ಹತ್ತು ಕೊಂಬೆ ತೆಗೆಯುವ ಕಡೆ ಎರಡು ದೊಡ್ಡ ರೆಂಬೆ ಉರುಳಿಸಿ ಮುಂದಿನ ಮರಕ್ಕೆ ಹೋಗುತ್ತಾರೆ. ಅದಕ್ಕೇ ಕರಾರಿಗಿಂತ ಮೊದಲು ಗುರುತು ಹಾಕಬೇಕು.

ಮೇಸ್ತ್ರಿಯನ್ನು ಜೊತೆಗೆ ಕರೆದುಕೊಂಡು ತೋಟ ಸುತ್ತಿ. ಕೊಂಬೆ ಸವರುವ ಮರಕ್ಕೆ ಬಿಳಿ ಬಣ್ಣದಲ್ಲಿ ನಂಬರು, ಬುಡಸಮೇತ ಕಡಿಯುವ ಮರಕ್ಕೆ ಕೆಂಪು ಅಡ್ಡಗೆರೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ಒಂದು ನೋಟ್‌ಬುಕ್‌ನಲ್ಲಿ ನಂಬರು, ಜಾತಿ, ಸುತ್ತಳತೆ, ಯಾವ ದಿಕ್ಕಿನ ಕೊಂಬೆ, ಎಷ್ಟು ಎತ್ತರದ ತನಕ, ಕೆಳಗೆ ಏನಿದೆ (ಹೊಸ ಗಿಡ, ಮೆಣಸಿನ ಬಳ್ಳಿ, ಕೂಲಿಯವರ ಲೈನ್‌ಮನೆ, ಕರೆಂಟ್ ತಂತಿ) ಎಲ್ಲ ಬರೆಯಿರಿ. ದರವನ್ನು ಮೂರು ವರ್ಗ ಮಾಡಿ: ಮೂರು ಅಡಿಯೊಳಗಿನ ಸುತ್ತಳತೆ, ಮೂರರಿಂದ ಆರು, ಆರಕ್ಕಿಂತ ಹೆಚ್ಚು. ಆ ಪಟ್ಟಿಗೆ ಇಬ್ಬರೂ ಸಹಿ ಹಾಕಿದರೆ ಅರ್ಧ ಕರಾರು ಅಲ್ಲೇ ಆಯ್ತು.

'ನೆರಳು ಬಿಡಿಸಿ' ಅಂತ ಮಾತ್ರ ಬರೆಯಬೇಡಿ, ಅದಕ್ಕೆ ಅಳತೆಯಿಲ್ಲ. ಅರೇಬಿಕಾಕ್ಕೆ ಹೆಚ್ಚು ನೆರಳು ಬೇಕು, ರೋಬಸ್ಟಾಕ್ಕೆ ಕಮ್ಮಿ ಸಾಕು. ಎರಡೂ ಬ್ಲಾಕಿಗೆ ಒಂದೇ ಮಾತು ಹೇಳಿದರೆ ಅರೇಬಿಕಾ ಬಯಲಾಗುತ್ತದೆ, ಬಿಸಿಲಿಗೆ ತೆರೆದ ಗಿಡಕ್ಕೇ ಬಿಳಿ ಕಾಂಡಕೊರಕ ಹುಳುವಿನ ಕಾಟ ಹೆಚ್ಚು. ನೆರಳು ದಟ್ಟವಾಗೇ ಉಳಿದರೆ ಮಳೆಗಾಲದಲ್ಲಿ ಕೊಳೆರೋಗ. ಪಡುವಣದ ಸಂಜೆ ಬಿಸಿಲು ನೇರ ಬೀಳುವ ಇಳಿಜಾರಿನಲ್ಲಿ ಆ ಬದಿಯ ಕೊಂಬೆ ಉಳಿಸಿ. ಹಳೇ ಮರದಲ್ಲಿ ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು ಅಂತಲೇ ಬರೆಸಿ. ಹೂಮಳೆ (ಕಾಫಿ ಹೂ ಬಿಡಿಸುವ ಮಳೆ), ಬ್ಯಾಕಿಂಗ್ ಮಳೆ (ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಮಳೆ) ಮುಗಿದ ಮೇಲೆ, ಮುಂಗಾರು ಹಿಡಿಯುವ ಮೊದಲು ಕೆಲಸ ಮುಗಿಯಬೇಕು. ಆರಂಭ ಮತ್ತು ಕೊನೆಯ ತಾರೀಕು ಎರಡನ್ನೂ ಹಾಕಿ.

ಬೀಟೆ ಎರಡನ್ನೂ ಪಟ್ಟಿಯಿಂದ ಹೊರಗಿಡಿ. ಸಿಲ್ವರ್, ಹಾಲುವಾಣ, ಗ್ಲಿರಿಸೀಡಿಯಾ, ನೀಲಗಿರಿಯಂಥ ಮರಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬೀಟೆಗೆ ಇಲ್ಲ, ಶ್ರೀಗಂಧಕ್ಕೂ ಇಲ್ಲ. ಮೇಸ್ತ್ರಿ 'ಒಂದು ಒಣಕೊಂಬೆ ತಾನೆ' ಅಂದರೂ ವಲಯ ಅರಣ್ಯ ಕಚೇರಿಯಲ್ಲಿ ಕೇಳದೆ ಕತ್ತಿ ಮುಟ್ಟಿಸಬೇಡಿ. ಕೇಸು ಬಿದ್ದರೆ ಮೊದಲು ಬರೋದು ನಿಮ್ಮ ಮನೆ ಬಾಗಿಲಿಗೆ.

ಪ್ರಶ್ನೆ (ಅದೇ ಬೆಳೆಗಾರರು): ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಚೊಕ್ಕ ಕತ್ತರಿಸಿಕೊಡ್ತೀವಿ ಅಂತ ಮೇಸ್ತ್ರಿ ಹೇಳ್ತಾರೆ. ಅದು ಸರೀನಾ?

ಉತ್ತರ (ಗುತ್ತಿಗೆದಾರ): ಸರಿಯಲ್ಲ. ಕೊಂಬೆ ಕಾಂಡ ಸೇರುವಲ್ಲಿ ಬಳೆಯ ಹಾಗೆ ಒಂದು ಉಬ್ಬು ಇರುತ್ತದೆ. ಗಾಯ ಮುಚ್ಚುವ ತೊಗಟೆ ಬೆಳೆಯೋದು ಅಲ್ಲಿಂದ. ಅದನ್ನೂ ಸೇರಿಸಿ ಕೊಯ್ದರೆ ಗಾಯ ದೊಡ್ಡದಾಗಿ, ನೀರು ಇಳಿದು, ಕೆಲವು ವರ್ಷದಲ್ಲಿ ಕಾಂಡ ಪೊಳ್ಳಾಗುತ್ತದೆ. ಒಂದಡಿ ಮೋಟು ಬಿಟ್ಟರೂ ತಪ್ಪು, ಮೋಟು ಒಣಗಿ ಕೊಳೆತು ಒಳಕ್ಕೆ ದಾರಿ ಮಾಡುತ್ತದೆ. ಉಬ್ಬನ್ನು ಬಿಟ್ಟು, ಅದರ ಹೊರ ಅಂಚಿಗೆ ಕೊಯ್ಯಬೇಕು.

ಮಣಿಕಟ್ಟಿಗಿಂತ ದಪ್ಪದ ಕೊಂಬೆಗೆ ಮೂರು ಕೊಯ್ತ. ಮೊದಲು ಕಾಂಡದಿಂದ ಸುಮಾರು ಒಂದಡಿ ಆಚೆ, ಕೆಳಗಡೆಯಿಂದ, ದಪ್ಪದ ಕಾಲು ಭಾಗ. ಅದಕ್ಕಿಂತ ಎರಡು ಮೂರು ಇಂಚು ಹೊರಗೆ ಮೇಲಿನಿಂದ ಎರಡನೇದು, ಆಗ ಕೊಂಬೆ ತೊಗಟೆ ಸೀಳದೆ ಮುರಿದು ಬೀಳುತ್ತದೆ. ಉಳಿದ ಮೋಟನ್ನು ಉಬ್ಬಿನ ಅಂಚಿಗೆ ಮೂರನೇ ಕೊಯ್ತದಲ್ಲಿ ತೆಗೆಯಿರಿ. ಮೊದಲಿನದನ್ನು ತಪ್ಪಿಸಿದರೆ ಕೊಂಬೆಯ ಭಾರಕ್ಕೆ ತೊಗಟೆ ಕಾಂಡದುದ್ದಕ್ಕೂ ಕಿತ್ತುಬರುತ್ತದೆ. ಮೆಣಸು ಹಬ್ಬಿದ ಸಿಲ್ವರ್‌ನಲ್ಲಿ ಹೀಗಾದರೆ ಬಳ್ಳಿಯೂ ಅದರ ಜೊತೆಗೇ ಬರುತ್ತದೆ. ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚುವುದಿದ್ದರೆ ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಕೊಯ್ತ ಕೆಟ್ಟಿದ್ದರೆ ಅದೂ ಉಪಯೋಗಕ್ಕೆ ಬಾರದು.

ಪ್ರಶ್ನೆ (ಆಲ್ದೂರು ಕಡೆಯ ಬೆಳೆಗಾರರು): ಅಪಘಾತವಾದರೆ ಮಾಲೀಕರು ಜವಾಬ್ದಾರರಲ್ಲ ಅಂತ ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಸಾಕಲ್ವಾ?

ಉತ್ತರ (ವಿಮಾ ಸಲಹೆಗಾರರು, ಚಿಕ್ಕಮಗಳೂರು): ಸಾಕಾಗಲ್ಲ ಸರ್. ಸಹಿ ಹಾಕಿದವನು ಮೇಸ್ತ್ರಿ, ಮರದಿಂದ ಬಿದ್ದವನು ಬೇರೆ. ಕಾರ್ಮಿಕನ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಕರಾರು ಆ ಮಟ್ಟಿಗೆ ಅನೂರ್ಜಿತ ಅಂತ 1923ರ ನಷ್ಟಪರಿಹಾರ ಕಾಯ್ದೆಯ 17ನೇ ಕಲಮೇ ಹೇಳಿತ್ತು. 12ನೇ ಕಲಮಿನ ಪ್ರಕಾರ, ತನ್ನ ಕಸುಬಿಗೆ ಸೇರಿದ ಕೆಲಸವನ್ನು ಗುತ್ತಿಗೆದಾರನಿಂದ ಮಾಡಿಸಿದರೆ ಪರಿಹಾರಕ್ಕೆ ಮಾಲೀಕನನ್ನೇ ಹಿಡಿಯಬಹುದು, ಮಾಲೀಕ ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ ತತ್ವ ಉಳಿದಿದೆ. ಕಾಫಿ ತೋಟದಲ್ಲಿ ಮರಗಸಿ ಕಸುಬಿನ ಭಾಗವಲ್ಲ ಅಂತ ವಾದಿಸಿ ಗೆಲ್ಲೋದು ಕಷ್ಟ.

ಹಾಗಾಗಿ 'ಜವಾಬ್ದಾರರಲ್ಲ' ಅನ್ನುವ ಸಾಲಿನ ಬದಲು ಪಾಲಿಸಿ ಕೇಳಿ. ಗುತ್ತಿಗೆದಾರನ ಹೆಸರಲ್ಲಿ ನೌಕರರ ನಷ್ಟಪರಿಹಾರ ಪಾಲಿಸಿ ಇದ್ದರೆ ಪ್ರತಿ ತೆಗೆದುಕೊಂಡು ಓದಿ. ಕೆಲಸದ ವಿವರದಲ್ಲಿ ಮರ ಹತ್ತುವುದು, ಕಡಿಯುವುದು ಇದೆಯೇ? ಬರೇ 'ತೋಟದ ಕೂಲಿ' ಅಂತಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಏಳುತ್ತದೆ. ಆಮೇಲೆ ತಲೆ ಲೆಕ್ಕ. ಆರು ಜನರಿಗೆ ಪಾಲಿಸಿ ಮಾಡಿಸಿ ಹನ್ನೊಂದು ಜನರನ್ನು ಮರ ಹತ್ತಿಸುವುದೇ ಎಲ್ಲೆಲ್ಲೂ ನಡೆಯುವ ಎಡವಟ್ಟು. ಕೊಡುವ ಕೂಲಿಗೂ ಪಾಲಿಸಿಯಲ್ಲಿ ತೋರಿಸಿದ ಕೂಲಿಗೂ ಹೊಂದಾಣಿಕೆ ಇರಬೇಕು, ಕೊನೆಯ ದಿನಾಂಕ ನಿಮ್ಮ ಕೆಲಸ ಮುಗಿಯುವ ದಿನಕ್ಕಿಂತ ಆಚೆ ಇರಬೇಕು. ಪಾಲಿಸಿ ಇಲ್ಲದಿದ್ದರೆ ಆ ಕೆಲಸದ ಅವಧಿಗೆ ನೀವೇ ಮಾಡಿಸಿ, ಪ್ರೀಮಿಯಂ ಗುತ್ತಿಗೆ ಹಣದಲ್ಲಿ ಮುರಿದುಕೊಳ್ಳುವುದಾಗಿ ಬರೆಸಿ. ಪ್ರತಿ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಮರ ಹತ್ತುವವರ ಹೆಸರು ಬರೆದಿರಬೇಕು.

ಉತ್ತರ (ಗುತ್ತಿಗೆದಾರ): ಇದಕ್ಕೆ ನನ್ನದೊಂದು ಸೇರಿಕೆ. ಅಲ್ಯೂಮಿನಿಯಂ ಏಣಿ ತೋಟಕ್ಕೆ ತರಬಾರದು ಅಂತ ಕರಾರಿನಲ್ಲೇ ಹಾಕಿ. ಹಗುರ ಅಂತ ಎಲ್ಲರಿಗೂ ಇಷ್ಟ, ಆದರೆ ಮರಗಸಿಯಲ್ಲಿ ಜೀವ ಹೋಗುವುದು ಬಿದ್ದು ಮಾತ್ರವಲ್ಲ, ಏಣಿ ಕರೆಂಟ್ ತಂತಿಗೆ ತಗುಲಿಯೂ ಹೋಗುತ್ತದೆ. ಏಣಿ ಮರಕ್ಕೆ ಒರಗಿಸುವಾಗ ಮಾತ್ರವಲ್ಲ, ಒಂದು ಮರದಿಂದ ಇನ್ನೊಂದಕ್ಕೆ ನಿಲ್ಲಿಸಿಕೊಂಡೇ ಹೊತ್ತೊಯ್ಯುವಾಗಲೂ ತಗಲುತ್ತದೆ. ಎಲೆ ಮರೆಯಲ್ಲಿ ತಂತಿ ಕಾಣುವುದೇ ಇಲ್ಲ. ಬಿದಿರು ಅಥವಾ ಫೈಬರ್ ಏಣಿ ಇರಲಿ, ಅದನ್ನೂ ಮಲಗಿಸಿಯೇ ಸಾಗಿಸಲಿ. ಹಸಿ ಬಿದಿರು, ಮಳೆಯಲ್ಲಿ ನೆಂದ ಬಿದಿರು ಎರಡಕ್ಕೂ ಕರೆಂಟ್ ಹರಿಯುತ್ತದೆ.

ಏಣಿ ಉರುಳಿಬಿದ್ದರೂ ತಂತಿ ಮುಟ್ಟದಷ್ಟು ದೂರ ಇಲ್ಲದ ಮರಗಳನ್ನು ಪಟ್ಟಿಯಲ್ಲಿ ಬೇರೆ ಮಾಡಿ. ಅವಕ್ಕೆ ಲೈನ್ ಕ್ಲಿಯರ್ ಬೇಕು, ಅಂದರೆ ವಿದ್ಯುತ್ ಕಂಪನಿಯವರೇ ಆ ತಂತಿಯ ಕರೆಂಟ್ ತೆಗೆದುಕೊಡಬೇಕು. ಚಿಕ್ಕಮಗಳೂರು ಜಿಲ್ಲೆಗೆ ಮೆಸ್ಕಾಂ, ಹಾಸನ ಜಿಲ್ಲೆಗೆ ಸೆಸ್ಕ್, ಶಾಖಾ ಕಚೇರಿಗೆ ಅರ್ಜಿ ಕೊಟ್ಟು ದಿನ ಗೊತ್ತು ಮಾಡಿಸಿ. ತುರ್ತಿದ್ದರೆ ಸಹಾಯವಾಣಿ 1912. ಮೇಸ್ತ್ರಿ ತಾನೇ ಫ್ಯೂಸ್ ಕಿತ್ತಿಟ್ಟರೆ ಅದು ಲೈನ್ ಕ್ಲಿಯರ್ ಅಲ್ಲ. ಪಕ್ಕದ ಮನೆಯ ಜನರೇಟರ್‌ನಿಂದ ಕರೆಂಟ್ ಹಿಮ್ಮುಖ ಬರಬಹುದು. ಇಲಾಖೆಯವರು ಎರಡೂ ಕಡೆ ಅರ್ತ್ ಮಾಡಿ 'ಹತ್ತಿ' ಅನ್ನುವ ತನಕ ಯಾರೂ ಹತ್ತಬಾರದು.

ಮರ ಹತ್ತುವವನಿಗೆ ಐಎಸ್ 3521 ಗುರುತಿನ ಪೂರ್ತಿ ಮೈಯ ಹಾರ್ನೆಸ್, ಐಎಸ್ 2925 ಹೆಲ್ಮೆಟ್. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬೇಡ, ಬಿದ್ದಾಗ ಹೊಟ್ಟೆ ಬೆನ್ನು ಮುರಿಯುತ್ತದೆ. ಮೇಲೆ ಚೈನ್‌ಸಾ ಹಿಡಿದರೆ ಎರಡು ಕಡೆ ಕಟ್ಟಿಕೊಂಡಿರಬೇಕು, ಅದರಲ್ಲಿ ಒಂದು ಒಳಗೆ ಉಕ್ಕಿನ ತಂತಿ ಇರುವ ಹಗ್ಗ. ಬರೀ ನೈಲಾನ್ ಆದರೆ ಚೈನ್ ತಗಲಿದ ಕ್ಷಣಕ್ಕೆ ತುಂಡು. ಹಾಲುವಾಣದ ಕೊಂಬೆಗೆ ಹಗ್ಗ ಕಟ್ಟಿ ನೇತಾಡಬಾರದು, ಅದರ ಮರ ಮೆದು, ಹೇಳದೆ ಮುರಿಯುತ್ತದೆ. ಹಿಂದಿನ ದಿನ ಸಂಜೆ ಹೆಜ್ಜೇನು, ಕಣಜ, ಚಗಳಿ ಇರುವೆ ಗೂಡು ನೋಡಿಟ್ಟುಕೊಳ್ಳಬೇಕು. ಗೂಡಿದ್ದ ಮರಕ್ಕೆ ಆ ದಿನ ಕೆಲಸವಿಲ್ಲ, ಹತ್ತಲಿಲ್ಲ ಅಂತ ಕೂಲಿಯೂ ಮುರಿಯುವ ಹಾಗಿಲ್ಲ. ಮಳೆ ಬಿದ್ದು ಪಾಚಿ ಜಾರುವಾಗಲೂ ಇದೇ ನಿಯಮ.

ಪ್ರಶ್ನೆ (ಆಲ್ದೂರು): ಕೊಂಬೆ ಬಿದ್ದು ಕಾಫಿ ಗಿಡ ಮುರಿದರೆ ನಷ್ಟ ಕಟ್ಟಿಸೋದು ಹೇಗೆ? ಗಿಡಕ್ಕೆ ಇಷ್ಟು ಅಂತ ಹಾಕಿದರೆ ಯಾರೂ ಕೆಲಸಕ್ಕೇ ಬರಲ್ಲ.

ಉತ್ತರ (ಗುತ್ತಿಗೆದಾರ): ಎಲ್ಲ ಗಿಡಕ್ಕೂ ಹಾಕಿದರೆ ಬರಲ್ಲ, ನಿಜ. ಪಕ್ಕದ ರೆಕ್ಕೆ (ಅಡ್ಡ ರೆಂಬೆ) ಮುರಿದರೆ ಲೆಕ್ಕಕ್ಕಿಲ್ಲ ಅಂತ ಬಿಡಿ, ಚಿಗುರುತ್ತದೆ. ನಡುಕಾಂಡ ಸೀಳಿದರೆ ಅಥವಾ ಬುಡ ಕಿತ್ತುಬಂದರೆ ಮಾತ್ರ ನಷ್ಟ. ನೂರು ಮರಕ್ಕೆ ಇಷ್ಟು ಗಿಡ ತನಕ ಮಾಫಿ, ಅದರ ಮೇಲೆ ಹೋದದ್ದಕ್ಕೆ ದರ. ಮೆಣಸಿನ ಬಳ್ಳಿಗೆ ಮಾಫಿ ಬೇಡ. ಬಳ್ಳಿ ಇರುವ ಮರದ ಪಕ್ಕದ ದೊಡ್ಡ ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಬೇಕು ಅಂತ ಪಟ್ಟಿಯಲ್ಲೇ 'ಹಗ್ಗ' ಅಂತ ಬರೆದು, ಆ ಮರಗಳಿಗೆ ದರ ಸ್ವಲ್ಪ ಹೆಚ್ಚು ಕೊಡಿ. ಹೆಚ್ಚು ಕೊಡದೆ ಹಗ್ಗದ ಕೆಲಸ ಕೇಳಿದರೆ ನಿಮ್ಮ ಕಣ್ಣು ತಪ್ಪಿದ ಕೂಡಲೇ ಕೊಂಬೆ ಧೊಪ್ಪನೆ ಬೀಳುತ್ತದೆ.

ಸೊಪ್ಪು ಸದೆ ವಿಲೇವಾರಿ ಬರೆಯದೇ ಬಿಟ್ಟರೆ ಕೊನೆಯ ಜಗಳ ಅದೇ. ಮಣಿಕಟ್ಟಿಗಿಂತ ದಪ್ಪದ್ದನ್ನು ರಸ್ತೆ ಬದಿಗೆ ಒಟ್ಟುವುದು, ತೆಳ್ಳನೆಯದನ್ನು ಎರಡಡಿ ತುಂಡು ಮಾಡಿ ಸಾಲಿನ ನಡುವೆ ಹರಡುವುದು. ಗಿಡದ ಬುಡಕ್ಕೆ ಒತ್ತಿ ಹಾಕಬಾರದು, ಬಸಿಗಾಲುವೆಗೂ ಮಳೆನೀರು ಇಂಗಿಸುವ ತೊಟ್ಟಿಲುಗುಂಡಿಗೂ ತುಂಬಬಾರದು.

ಮುಂಗಡ ಅರ್ಧ ಕೊಡಬೇಡಿ. ಐದರಲ್ಲೊಂದು ಪಾಲು ಸಾಕು. ಬ್ಲಾಕ್ ಮುಗಿದಂತೆ ಪಟ್ಟಿಯ ನಂಬರಿಗೆ ಟಿಕ್ ಹಾಕಿ, ಅಷ್ಟರ ಹಣ ಆ ವಾರವೇ ಕೊಡಿ. ಕೊನೆಯ ಹತ್ತನೇ ಒಂದು ಪಾಲು ಸದೆ ತೆಗೆದ ಮೇಲೆ. ಮಾಲೀಕರೂ ಇಲ್ಲಿ ನೆಟ್ಟಗಿರಬೇಕು, ವಾರದ ಹಣ ತಡವಾದರೆ ಒಳ್ಳೆ ತಂಡ ಬೇರೆ ತೋಟಕ್ಕೆ ಹೋಗುತ್ತದೆ, ಅದನ್ನು ತಪ್ಪು ಅನ್ನೋಕಾಗಲ್ಲ.

ಪ್ರಶ್ನೆ (ಮೂಡಿಗೆರೆ): ಇನ್ನೊಬ್ಬರು ಕೂಲಿನೇ ಬೇಡ, ಹನ್ನೆರಡು ಸಿಲ್ವರ್ ಕೊಡಿ, ಅದರ ಬೆಲೆಯಲ್ಲಿ ಮರಗಸಿ ಮುಗಿಸಿಕೊಡ್ತೀನಿ ಅಂದ್ರು. ಲಾಭವೇ?

ಉತ್ತರ (ಗುತ್ತಿಗೆದಾರ): ಮರ ಅಳೆಯದೆ ಹೇಳೋಕಾಗಲ್ಲ. ನಮ್ಮ ಕಡೆ ದಿಮ್ಮಿ ಅಳೆಯೋದು ಕಾಲು ಸುತ್ತಳತೆ ಲೆಕ್ಕದಲ್ಲಿ: ಸುತ್ತಳತೆಯನ್ನು ಇಂಚಿನಲ್ಲಿ ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿ ಲೆಕ್ಕದ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಬೇಕು. 48 ಇಂಚು ಸುತ್ತಳತೆ, 20 ಅಡಿ ಉದ್ದದ ದಿಮ್ಮಿ 20 ಘನ ಅಡಿ. ಅದರ ನಿಜವಾದ ಗಾತ್ರ 25 ದಾಟುತ್ತದೆ, ಆ ವ್ಯತ್ಯಾಸ ವ್ಯಾಪಾರದ ರೂಢಿ. ಮೋಸ ಆಗೋದು ಟೇಪು ಎಲ್ಲಿ ಸುತ್ತಿದರು ಅನ್ನೋದರಲ್ಲಿ. ನಡುಮಧ್ಯದಲ್ಲಿ 48 ಇದ್ದ ದಿಮ್ಮಿ ತುದಿಯಲ್ಲಿ 40 ಇದ್ದು, ತುದಿಯ ಅಳತೆ ಹಿಡಿದರೆ 14 ಘನ ಅಡಿಯೂ ಆಗಲ್ಲ. ಹನ್ನೆರಡು ಮರಕ್ಕೆ ಗುಣಿಸಿ ನೋಡಿ.

ಎರಡನ್ನೂ ಬೇರೆ ಬೇರೆ ಕರಾರು ಮಾಡಿ: ಮರಗಸಿಗೆ ದರ, ಸಿಲ್ವರ್‌ಗೆ ಘನ ಅಡಿ ದರ, ಅಳತೆ ನಡುಮಧ್ಯದಲ್ಲಿ, ಇಬ್ಬರೂ ಇದ್ದಾಗ, ಲಾರಿಗೆ ಏರುವ ಮೊದಲು. ಬಳ್ಳಿ ಹಬ್ಬಿದ ಸಿಲ್ವರ್ ಒಂದೂ ಆ ಹನ್ನೆರಡರಲ್ಲಿ ಇರದಂತೆ ನಂಬರು ನೀವೇ ಆರಿಸಿ, ವ್ಯಾಪಾರಿ ದಪ್ಪನೆಯದನ್ನೇ ಆರಿಸುತ್ತಾರೆ.

ಪ್ರಶ್ನೆ (ಹಾಸನ ನಗರ): ನಮ್ಮದು ತೋಟವಲ್ಲ, ಮನೆ. ಕಾಂಪೌಂಡ್ ಒಳಗಿನ ಹಳೇ ನೇರಳೆ ಮನೆ ಕಡೆ ವಾಲಿದೆ. ಇದೇ ಕರಾರು ನಡೆಯುತ್ತಾ?

ಉತ್ತರ (ಗುತ್ತಿಗೆದಾರ): ಏಣಿ, ತಂತಿ, ಪಾಲಿಸಿ ವಿಷಯ ಎಲ್ಲ ಅದೇ ಮೇಡಂ. ಕಡಿಯುವುದಾದರೆ ಮೊದಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ, ನೇರಳೆ ವಿನಾಯಿತಿ ಪಟ್ಟಿಯ ಮರವಲ್ಲ. ವಾಲಿದ ಬದಿ, ಗೋಡೆಗೆ ಇರುವ ದೂರ, ಬುಡದ ಬಿರುಕು ಕಾಣುವ ಫೋಟೋ ಜೊತೆಗಿರಲಿ. ಮರ ಹುಟ್ಟಿನಿಂದಲೇ ವಾಲಿದ್ದರೆ ತುದಿ ಮತ್ತೆ ಮೇಲಕ್ಕೆ ತಿರುಗಿರುತ್ತದೆ, ಅದಕ್ಕೆ ಅವಸರವಿಲ್ಲ. ವಾಲಿದ ಎದುರು ಬದಿಯಲ್ಲಿ ಮಣ್ಣು ಬಿರಿದು ಎದ್ದಿದ್ದರೆ ಬೇರು ಕೈಬಿಡುತ್ತಿದೆ ಅಂತ ಅರ್ಥ. ಆ ಮರಕ್ಕೆ ಯಾರನ್ನೂ ಹತ್ತಿಸಬೇಡಿ, ಕ್ರೇನ್ ಬುಟ್ಟಿಯಿಂದ ತುದಿಯಿಂದ ತುಂಡು ತುಂಡಾಗಿ ಇಳಿಸಬೇಕು. ಕ್ರೇನ್ ಬಾಡಿಗೆ ಯಾರ ಮೇಲೆ, ಹೆಂಚು ಒಡೆದರೆ ಯಾರು ಕೂರಿಸಿಕೊಡಬೇಕು, ಬೊಡ್ಡೆ ಎಷ್ಟು ಆಳಕ್ಕೆ ತೆಗೆಯಬೇಕು ಈ ಮೂರನ್ನು ನಿಮ್ಮ ಕರಾರಿಗೆ ಸೇರಿಸಿ.