ಅಪ್‌ಡೇಟ್: ಬಾಯಿ ಬಿಟ್ಟಿದ್ದ ಕೃತಕ ಹುಲ್ಲಿನ ಜಾಯಿಂಟ್ ಸರಿಯಾಯ್ತು

ಉಡುಪಿಯ ನಮ್ಮ ಮನೆ ಅಂಗಳದಲ್ಲಿ ಕೃತಕ ಹುಲ್ಲಿನ ಎರಡು ಹಾಳೆ ಸೇರುವ ಕಡೆ 4 ಅಡಿ ಉದ್ದ ಬಿಟ್ಟುಕೊಂಡಿದೆ, ಪೂರ್ತಿ ಬದಲಿಸಬೇಕಾ ಅಂತ ಮಳೆಗಾಲ ಮುಗಿದಾಗ ಇಲ್ಲಿ ನಿಮ್ಮನ್ನು ಕೇಳಿದ್ದೆ. ಬೇಕಾಗಲಿಲ್ಲ. ತುಂಬಾ ಖುಷಿಯಾಗಿದೆ.

ಅಂಚು ಮಡಚಿದಾಗಲೇ ಕಾರಣ ಗೊತ್ತಾಯ್ತು. ಎರಡೂ ಹಾಳೆಗಳನ್ನು ಅಡಿಯಿಂದ ಹಿಡಿದಿಡುವ ಜಾಯಿಂಟ್ ಟೇಪೇ ಇಲ್ಲ! ಬರೀ ಮೊಳೆ ಹೊಡೆದಿದ್ದರು. ಅವೂ ತುಕ್ಕು ಹಿಡಿದು ಕೈಯಲ್ಲೇ ಪುಡಿಯಾದವು.

ನೀವು ಹೇಳಿದಂತೆ ಮೊದಲು 3 ದಿನ ಬಿಸಿಲಿಗೆ ಬಿಟ್ಟೆ. ಹಿಂಬದಿ ಒದ್ದೆಯಿದ್ದರೆ ಗಮ್ ಸರಿಯಾಗಿ ಹಿಡಿಯುವುದಿಲ್ಲ, ಅಲ್ವಾ. ಆಮೇಲೆ ಹಾಳೆ ಮಗುಚಿ, ಹುಲ್ಲಿನ ಎಳೆಗಳನ್ನು ಕೂರಿಸಿದ ಹೊಲಿಗೆಯ ಎರಡು ಸಾಲುಗಳ ನಡುವೆ ಕಟ್ಟರ್ ಹಾಯಿಸಿ ಹರಿದ ಅಂಚು ತೆಗೆದೆ. ಮೇಲಿಂದ ಕತ್ತರಿಸಿದರೆ ಎಳೆಗಳೂ ತುಂಡಾಗುತ್ತವೆ.

ಟೇಪನ್ನು ಎರಡೂ ಬದಿಗೆ ಸಮನಾಗಿ ಬರುವಂತೆ ಹಾಸಿ, ಪಾಲಿಯುರೆಥೇನ್ ಗಮ್ ಬಳಿದೆ. ಅಂಚುಗಳು ಒಂದರ ಮೇಲೊಂದು ಏರಬಾರದು. ನಡುವಿನ ಸಂದು ಹೊಲಿಗೆ ಸಾಲುಗಳ ಅಂತರದಷ್ಟೇ ಇದ್ದರೆ ಜಾಯಿಂಟ್ ಕಾಣುವುದೇ ಇಲ್ಲ. ನಾನು ಹಾಳೆ ಇಳಿಸುವಾಗ ಅಮ್ಮ ಹಳೇ ಬಾಚಣಿಗೆಯಿಂದ ಎಳೆಗಳನ್ನು ಎತ್ತಿ ಹಿಡಿದರು, ಒಂದೂ ಅಡಿಗೆ ಸಿಕ್ಕಿಹಾಕಿಕೊಳ್ಳಲಿಲ್ಲ. ಮೇಲೆ ಹಲಗೆ, ಅದರ ಮೇಲೆ ಸಾಲಾಗಿ ಕೆಂಪುಕಲ್ಲು. ಒಂದು ಇಡೀ ದಿನ ಯಾರೂ ತುಳಿಯಲಿಲ್ಲ.

ಒಂದು ಕಡೆ ಬೆರಳಗಲ ಗಮ್ ಮೇಲೆ ಬಂದು ಎಳೆಗಳಿಗೆ ಮೆತ್ತಿತ್ತು. ಒರೆಸಲು ಹೋಗಲಿಲ್ಲ, ಇನ್ನೂ ಹರಡುತ್ತಿತ್ತು. ಒಣಗಿದ ಮೇಲೆ ಸಣ್ಣ ಕತ್ತರಿಯಿಂದ ಆ ತುದಿಗಳನ್ನಷ್ಟೇ ತೆಗೆದೆ.