ಹಳೇ ಮಾರುತಿ 800ಕ್ಕೆ ಮನೆಯಲ್ಲೇ ಎಲೆಕ್ಟ್ರಿಕ್ ಮೋಟಾರ್ ಕೂರಿಸಬಹುದಾ?

ಸಂತೆಕಟ್ಟೆ800: ಮನೆಯಲ್ಲಿ 2005ರ ಮಾರುತಿ 800 ಉಂಟು. ಬಾಡಿ ಗಟ್ಟಿ, ಇಂಜಿನ್ ಮುಗಿದಿದೆ. ಇಂಜಿನ್ ಇಳಿಸಿ, ಗೇರ್‌ಬಾಕ್ಸ್ ಹಾಗೇ ಬಿಟ್ಟು, ಅಡಾಪ್ಟರ್ ಪ್ಲೇಟ್ ಮಾಡಿಸಿ 96 ವೋಲ್ಟಿನ ಮೋಟಾರ್ ಕೂರಿಸುವ ಯೋಚನೆ. 3.2 ವೋಲ್ಟಿನ 100 ಆಂಪಿಯರ್-ಅವರ್ ಎಲ್‌ಎಫ್‌ಪಿ (ಒಂದು ಬಗೆಯ ಲಿಥಿಯಂ ಬ್ಯಾಟರಿ) ಸೆಲ್ 30, ಅಂದರೆ 9.6 ಯೂನಿಟ್. ಉಡುಪಿ, ಮಣಿಪಾಲ ಓಡಾಟಕ್ಕೆ ಧಾರಾಳ ಸಾಕು. ಅಪರೂಪಕ್ಕೆ ತೀರ್ಥಹಳ್ಳಿಯ ಅಕ್ಕನ ಮನೆಗೂ ಹೋಗಬಹುದು. ಬ್ರೇಕ್ ಪೆಡಲ್ ಹಗುರ ಮಾಡುವ ಬೂಸ್ಟರಿಗೆ ಇಂಜಿನ್‌ನ ವ್ಯಾಕ್ಯೂಮ್ (ಗಾಳಿಯ ಎಳೆತ) ಸಿಗುವುದಿಲ್ಲ, ಬದಲಿಗೆ ಎಂತ ಹಾಕುವುದು? ಮಾಡಿದವರು ಹೇಳಿ.

ಕೆಎ20_ಕಾನೂನು: "ಮನೆಯಲ್ಲೇ" ಅನ್ನುವುದೇ ತಪ್ಪು. ಗಾಡಿಯ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ಎಐಎಸ್-123 (ಹಳೇ ಗಾಡಿಯನ್ನು ಎಲೆಕ್ಟ್ರಿಕ್ ಮಾಡುವ ಕಿಟ್‌ಗಳ ಮಾನದಂಡ) ಪ್ರಕಾರ ಟೆಸ್ಟ್ ಆದ ಕಿಟ್ ಮಾತ್ರ ಹಾಕಬೇಕು. ಹಾಕುವವರಿಗೂ ಅಧಿಕಾರ ಇರಬೇಕು, ಆಮೇಲೆ ಆರ್‌ಸಿಯಲ್ಲಿ ನಮೂದಾಗಬೇಕು. ಅದೇ ಕಾಯ್ದೆಯ 182ಎ ಪ್ರಕಾರ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲೂ ಆಗಬಹುದು.

ಹೆಬ್ರಿ_ಡ್ರೈವರ್: ದಂಡದ ಮಾತು ಆಮೇಲೆ. ತೀರ್ಥಹಳ್ಳಿ ಅಂದಿರಲ್ಲ, ನಡುವೆ ಆಗುಂಬೆ ಘಾಟಿ ಉಂಟು ಮಾರಾಯ್ರೆ! 14 ಹೇರ್‌ಪಿನ್ ತಿರುವು. ಮಳೆಗಾಲದ ಮಂಜಿನಲ್ಲಿ ಎದುರಿಂದ ಬಸ್ಸು ಬಂದರೆ ತಿರುವಿನಲ್ಲೇ ನಿಲ್ಲಿಸಿ ಮತ್ತೆ ಎತ್ತಬೇಕು. ಈ ಗಾಡಿ ಅರ್ಧ ಘಾಟಿಯಲ್ಲೇ ಮಲಗುತ್ತದೆ.

ಮಣಿಪಾಲ_ಮೆಕ್ಯಾನಿಕಲ್: "ಅರ್ಧ ಘಾಟಿಯಲ್ಲೇ ಮಲಗುತ್ತದೆ" ಅಂತ ಸುಮ್ನೆ ಹೇಳಬೇಡಿ, ಲೆಕ್ಕ ಹಾಕಿ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್. ಜನ ಸೇರಿ ಗಾಡಿ ಒಂದು ಟನ್ ಅಂತ ಹಿಡಿಯಿರಿ. ಅಷ್ಟು ಎತ್ತರಕ್ಕೆ ಏರಿಸಲು 1.75 ಯೂನಿಟ್ ಬೇಕು. ಮೋಟಾರಿನ ನಷ್ಟ ಸೇರಿಸಿ ಎರಡೂವರೆ ಅನ್ನಿ. ಇಳಿಯುವಾಗ ರೀಜೆನ್‌ನಲ್ಲಿ, ಅಂದರೆ ಮೋಟಾರೇ ಜನರೇಟರ್ ಆಗಿ ಗಾಡಿಯನ್ನು ಹಿಡಿಯುವಾಗ, ಸ್ವಲ್ಪ ಬ್ಯಾಟರಿಗೆ ವಾಪಸ್ ಬರುತ್ತದೆ.

ಹೆಬ್ರಿ_ಡ್ರೈವರ್: ಎರಡೂವರೆ ಅಂತೆ! ಘಾಟಿಯ ಬುಡ ಮುಟ್ಟುವುದಕ್ಕೆ ಬ್ಯಾಟರಿ ಬೇಡವಾ? ಉಡುಪಿಯಿಂದ ಆಗುಂಬೆಗೆ 55 ಕಿಲೋಮೀಟರ್ ಹತ್ತಿರ. ಹತ್ತು ಕಿಲೋಮೀಟರಿಗೆ ಒಂದು ಯೂನಿಟ್ ಅಂದರೂ ಐದೂವರೆ. ಒಟ್ಟು ಎಂಟು ಆಯಿತು. ಅಲ್ಲಿಂದ ಇನ್ನೂ 30 ಕಿಲೋಮೀಟರ್ ಮೇಲೆ ಉಂಟು.

ಮಣಿಪಾಲ_ಮೆಕ್ಯಾನಿಕಲ್: ಎಂಟು ಅಂದರೆ ಘಾಟಿ ಹತ್ತಿತು ಅಂತಲೇ ಅಲ್ವಾ? ನೀವೇ ಲೆಕ್ಕ ಕೊಟ್ಟಿರಿ. ಆಗುಂಬೆಯಲ್ಲಿ 15 ಆಂಪಿಯರ್ ಸಾಕೆಟ್ ಸಿಕ್ಕಿದರೆ ಗಂಟೆಗೆ ಮೂರು ಯೂನಿಟ್ ತುಂಬುತ್ತದೆ.

ವೈರ್‌ಮ್ಯಾನ್_ಬೈಕಂಪಾಡಿ: ರೀಜೆನ್ ಅಂದಿರಿ. ಯಾವ ಮೋಟಾರಿಗೆ? ಮನೆಯಲ್ಲಿ ಮಾಡುವವರು ಜಾಸ್ತಿ ತರುವುದು ಫೋರ್ಕ್‌ಲಿಫ್ಟಿನ ಹಳೇ ಡಿಸಿ ಸೀರೀಸ್ ಮೋಟಾರ್. ಅದರಲ್ಲಿ ರೀಜೆನ್ ಮರೆತುಬಿಡಿ. ಬ್ಯಾಟರಿ ಫುಲ್ ಇದ್ದರೆ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕೂಡ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮಣಿಪಾಲ_ಮೆಕ್ಯಾನಿಕಲ್: ಫುಲ್ ಎಲ್ಲಿಂದ ಬಂತು? ತೀರ್ಥಹಳ್ಳಿಯಿಂದ ಘಾಟಿಯ ತಲೆಗೆ ಬರುವಾಗಲೇ ಮೂರು ಯೂನಿಟ್ ಖಾಲಿ. ಜಾಗ ಬೇಕಾದಷ್ಟು ಇರುತ್ತದೆ.

ಹೆಬ್ರಿ_ಡ್ರೈವರ್: ಸೀರೀಸ್ ಮೋಟಾರಿನ ಮಾತಿಗೆ ಉತ್ತರ ಕೊಡಲಿಲ್ಲ ನೀವು. ರೀಜೆನ್ ಇಲ್ಲ ಅಂದರೆ ಇಂಜಿನ್ ಬ್ರೇಕಿಂಗೂ ಇಲ್ಲ. ಪೆಟ್ರೋಲ್ ಕಾರನ್ನು ಎರಡನೇ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಹಿಡಿಯುತ್ತದೆ. ಇಲ್ಲಿ 14 ತಿರುವೂ ಬ್ರೇಕ್ ಒತ್ತಿಕೊಂಡೇ ಇಳಿಯಬೇಕು. ಬ್ರೇಕ್ ಕಾದು ಹಿಡಿಯದೆ ಹೋದ ಗಾಡಿ ನಾನು ಸೋಮೇಶ್ವರದ ಹತ್ತಿರ ನೋಡಿದ್ದೇನೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಮಂಡೆ ಬೆಚ್ಚ ಆಗುವ ವಿಷಯ ಇದು, ನಿಮ್ಮ ಕಾಗದದ ಲೆಕ್ಕ ಅಲ್ಲ.

ಸಂತೆಕಟ್ಟೆ800: ದಯವಿಟ್ಟು ಆಗುಂಬೆ ಬಿಡಿ. ಅಕ್ಕನ ಮನೆಗೆ ಬಸ್ಸಲ್ಲೂ ಹೋಗಬಹುದು. ಬೂಸ್ಟರಿಗೆ ಯಾವ ಪಂಪ್?

ಮಲ್ಪೆ_ಗ್ಯಾರೇಜು: 12 ವೋಲ್ಟಿನ ವ್ಯಾಕ್ಯೂಮ್ ಪಂಪ್, ಜೊತೆಗೆ ಒಂದು ಸಣ್ಣ ಟ್ಯಾಂಕ್, ವ್ಯಾಕ್ಯೂಮ್ ಸ್ವಿಚ್. ಆದರೆ ನಮ್ಮಲ್ಲಿ ಪಂಪಿಗಿಂತ ದೊಡ್ಡ ತಲೆನೋವು ಉಪ್ಪುಗಾಳಿ. ಹೀಟ್ ಶ್ರಿಂಕ್ ಕವಚ ಕೊಯ್ದು ನೋಡಿದರೆ ತಂತಿಯ ತುದಿಯ ತಾಮ್ರದ ಲಗ್ (ಕೊಂಡಿ) ಒಳಗೇ ಹಸಿರುಗಟ್ಟಿರುತ್ತದೆ, ತಂತಿ ಎಳೆದರೆ ಪುಡಿಯಾಗಿ ಕೈಗೆ ಬರುತ್ತದೆ. 100 ಆಂಪಿಯರ್ ಹೋಗುವ ಜಾಗ ಅದು. ಟಿನ್ ಕೋಟಿಂಗ್ ಇರುವ ಲಗ್ಗೇ ಹಾಕಿ.

ಹೆಬ್ರಿ_ಡ್ರೈವರ್: ಪಂಪ್ ಕೈ ಕೊಟ್ಟರೆ? ಘಾಟಿಯ ನಡುವೆ ಪೆಡಲ್ ಕಲ್ಲಾಗುತ್ತದೆ.

ಮಣಿಪಾಲ_ಮೆಕ್ಯಾನಿಕಲ್: ಅವರು ಘಾಟಿಗೆ ಹೋಗುವುದಿಲ್ಲ ಅಂದರು! ಟ್ಯಾಂಕ್ ಇಡುವುದೇ ಅದಕ್ಕೆ, ಪಂಪ್ ನಿಂತರೂ ಕೆಲವು ಸಲ ಬ್ರೇಕ್ ಒತ್ತಬಹುದು.

ಕೆಎ20_ಕಾನೂನು: ಘಾಟಿಗೆ ಹೋಗದಿದ್ದರೆ ಆರ್‌ಸಿ ಬೇಡವಾ? ಸಂತೆಕಟ್ಟೆ ಜಂಕ್ಷನ್ನಿನಲ್ಲಿ ಯಾರಿಗಾದರೂ ತಾಗಿದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಇಂಧನದ ಕಾಲಂ. ಪೆಟ್ಟು ತಿಂದವರಿಗೆ ಯಾರು ಕೊಡುತ್ತಾರೆ?

ವೈರ್‌ಮ್ಯಾನ್_ಬೈಕಂಪಾಡಿ: ಇನ್ಶೂರೆನ್ಸ್‌ಗಿಂತ ಮೊದಲು ನಿಮ್ಮ ಜೀವ. ಡಿಸಿ 60 ವೋಲ್ಟ್ ದಾಟಿದರೆ ಅಪಾಯ, ಇದು 96. ಮನೆಯ ಎಸಿ ಎಂಸಿಬಿ ಹಾಕಲೇಬೇಡಿ. ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ಆರುತ್ತದೆ. ಡಿಸಿಯಲ್ಲಿ ಆರುವುದಿಲ್ಲ, ಎಂಸಿಬಿಯೇ ಕರಗುತ್ತದೆ. ಡಿಸಿ ಫ್ಯೂಸ್, ಡಿಸಿ ಕಾಂಟ್ಯಾಕ್ಟರ್ (ಕರೆಂಟ್ ಜೋಡಿಸಿ ಕಡಿಯುವ ದೊಡ್ಡ ರಿಲೇ), ಸೀಟಿನಿಂದ ಕೈಗೆ ಎಟಕುವ ಕಟಾಫ್ ಸ್ವಿಚ್. ಇವು ಮೂರೂ ಇಲ್ಲದೆ ಒಂದು ಸೆಲ್ಲನ್ನೂ ಜೋಡಿಸಬೇಡಿ.

ಮಣಿಪಾಲ_ಮೆಕ್ಯಾನಿಕಲ್: "ಜೋಡಿಸಬೇಡಿ" ಅಂತ ಹೆದರಿಸಿದರೆ ಯಾರು ಕಲಿಯುತ್ತಾರೆ?

ವೈರ್‌ಮ್ಯಾನ್_ಬೈಕಂಪಾಡಿ: ಫ್ಯೂಸ್ ಹಾಕಿ ಅಂದೆ. ಅದು ಹೆದರಿಸುವುದಾ?