ಪದಚರ್ಚೆ: ‘ಬಾಯಿಗೂಡಿದ’ ರಾಸು, ನಿಮ್ಮ ಕಡೆ ಏನಂತಾರೆ?

ಬಳಗದವರಿಗೆ ನಮಸ್ಕಾರ.

ಹಲ್ಲು ನೋಡಿ ದನದ ವಯಸ್ಸು ಹೇಳುವ ಮಾತುಗಳಲ್ಲಿ ‘ಬಾಯಿಗೂಡು’ ಎಂಬುದರ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ದೊಡ್ಡಬಳ್ಳಾಪುರದ ಕಡೆ ಪಿಯುಸಿ ಓದುವ ಹುಡುಗನೊಬ್ಬ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆಂದು ಹಳ್ಳಿಕಾರ್ ಹೋರಿಗಳ ಜೋಡಿ ಸಾಕುತ್ತಿದ್ದಾನೆ. ನೋಡಲು ಹೋಗಿದ್ದೆ. ಬೇಯಿಸಿದ ಹುರುಳಿಗೆ ಬೂಸಾ ಕಲಸುತ್ತಿದ್ದ. “ಎಷ್ಟು ವಯಸ್ಸಪ್ಪಾ?” ಅಂದೆ. “ಎರಡಲ್ಲು ಸಾರ್, ಈ ಸಲ ಘಾಟಿಗೆ ಕಟ್ತೀನಿ” ಅಂದ. (ಮನೆಯಲ್ಲಿ ಸಾಕುವುದಕ್ಕೂ ಜಾತ್ರೆಯಲ್ಲಿ ನಿಲ್ಲಿಸುವುದಕ್ಕೂ ‘ಕಟ್ಟು’ ಎಂಬ ಒಂದೇ ಪದ, ಅದನ್ನೇ ಇನ್ನೊಮ್ಮೆ ಚರ್ಚಿಸಬಹುದು.) ಮೂಗುದಾರ ಹಿಡಿದು, ಹೆಬ್ಬೆರಳಲ್ಲಿ ಕೆಳತುಟಿ ಎಳೆದು ತೋರಿಸಿದ. ನಡುವೆ ಅಗಲವಾದ ಎರಡು ಹೊಸ ಹಲ್ಲು, ಅತ್ತಿತ್ತ ಮೂರು ಮೂರು ಪುಟ್ಟ ಹಾಲುಹಲ್ಲು. ದನಕ್ಕೆ ಮೇಲಿನ ಮುಂಬಲ್ಲೇ ಇರುವುದಿಲ್ಲ, ಹಾಗಾಗಿ ಲೆಕ್ಕವೆಲ್ಲ ಕೆಳಗಿನ 8ರದ್ದು.

ಸುಮಾರು 2 ವರ್ಷ ದಾಟುವವರೆಗೆ ಹಾಲಲ್ಲು. ಆಮೇಲೆ ನಡುವಿನಿಂದ ಜೋಡಿಜೋಡಿಯಾಗಿ ಬಿದ್ದು ಹುಟ್ಟುತ್ತ ಎರಡಲ್ಲು, ನಾಲ್ಕಲ್ಲು, ಆರಲ್ಲು. ಎಂಟಾದಾಗ ಮಾತ್ರ ‘ಎಂಟಲ್ಲು’ ಅನ್ನದೆ ‘ಬಾಯಿಗೂಡಿದೆ’ ಅನ್ನುತ್ತಾರೆ. ಆಗ ವಯಸ್ಸು ಹೆಚ್ಚುಕಡಿಮೆ 5. ಇಲ್ಲಿಂದ ಮುಂದೆ ಹುಟ್ಟುವ ಹಲ್ಲಿಲ್ಲ. ಸವೆತ ನೋಡಿ ಅಂದಾಜು ಮಾಡಬೇಕಷ್ಟೆ. ಎಣಿಕೆ ಮುಗಿಯುವ ಜಾಗದಲ್ಲೇ ಸಂಖ್ಯೆ ಬಿಟ್ಟು ಬೇರೆ ಮಾತು ಹಿಡಿದಿದ್ದಾರೆ. ನನಗಂತೂ ಇದು ಬಹಳ ಇಷ್ಟವಾಯಿತು.

ಬಾಯಿ + ಕೂಡು, ಕಕಾರಕ್ಕೆ ಗಕಾರ ಆದೇಶ. ಕೈಗೂಡು, ಒಟ್ಟುಗೂಡು ಇದ್ದ ಹಾಗೆ. ‘ಬಾಯಿ ಗೂಡಿದ ಎತ್ತುಗಳು’ ಎಂದು ಬಿಡಿಸಿ ಬರೆದರೆ ಊರ ಮಾತು ಗೊತ್ತಿಲ್ಲದವರಿಗೆ ಹಕ್ಕಿಗೂಡು ನೆನಪಾಗುತ್ತದೆ. ‘ಕೈಗೂಡಿತು’ ಎಂಬುದನ್ನು ನಾವು ಬಿಡಿಸುವುದಿಲ್ಲ, ಇದನ್ನೂ ಬಿಡಿಸಬಾರದು.

ಇನ್ನು ಅರ್ಥ. ಇಲ್ಲಿ ಕೂಡು ಎಂದರೆ ಹಲ್ಲಿಗೆ ಹಲ್ಲು ಸೇರುವುದೋ, ಭರ್ತಿಯಾಗುವುದೋ? ನನ್ನ ಒಲವು ಎರಡನೆಯದಕ್ಕೆ. ಹಾಲುಹಲ್ಲಿನ ಕಾಲದಲ್ಲೂ ಸಾಲು ಇದ್ದೇ ಇರುತ್ತದೆ. ಸೇರುವುದಷ್ಟೇ ಅರ್ಥವಾಗಿದ್ದರೆ ಆ ಕರುವನ್ನೂ ಬಾಯಿಗೂಡಿದ್ದು ಅನ್ನಬೇಕಿತ್ತು. ಅಲ್ಲದೆ ಕೂಡುವುದು ಹಲ್ಲಲ್ಲ, ಬಾಯಿ. ಇಡೀ ಬಾಯಿ ತುಂಬಿತು ಎಂಬ ಭಾವ ಅದರಲ್ಲಿದೆ. ಹಳಗನ್ನಡ, ಶಾಸನ ಬಲ್ಲವರು ‘ಕೂಡು’ ಪದಕ್ಕೆ ಈ ಅರ್ಥದ ಬಳಕೆಗಳಿದ್ದರೆ ದಯವಿಟ್ಟು ಕೊಡಿ.

ಜೊತೆಗೆ, ‘ರಾಸು’ ಅರಬ್ಬಿಯ ‘ರಾಸ್’ (ತಲೆ) ಪದದಿಂದ ಬಂದದ್ದು ಎಂದುಕೊಂಡಿದ್ದೇನೆ. ಪಾರ್ಸಿ (ಪರ್ಷಿಯನ್) ಭಾಷೆಯಲ್ಲಿ ದನ ಎಣಿಸುವಾಗ ಅದನ್ನೇ ಬಳಸುತ್ತಾರೆ. ಹಲ್ಲಿನ ಮಾತೆಲ್ಲ ಅಚ್ಚಗನ್ನಡವಾಗಿದ್ದು ಎಣಿಕೆಯ ಪದ ಮಾತ್ರ ಹೊರಗಿನದಾಯಿತೇ?

ಹಾವೇರಿ, ಧಾರವಾಡ, ಬೀದರ್ ಕಡೆಯವರು ಎಂಟೂ ಹಲ್ಲು ಬಂದ ಹಂತಕ್ಕೆ ಏನು ಹೇಳುತ್ತೀರಿ? ಕಂಬಳದವರು ಕಿರಿಯ, ಹಿರಿಯ ವಿಭಾಗದ ಕೋಣಗಳ ಹಲ್ಲಿಗೆ ಯಾವ ಮಾತು ಬಳಸುತ್ತಾರೆ? ಕುರಿ ಸಾಕುವವರಲ್ಲೂ ‘ಬಾಯಿಗೂಡು’ ಇದೆಯೇ? ಊರಿನ ಹೆಸರು ಸಮೇತ ಬರೆದರೆ ಉಪಕಾರವಾಗುತ್ತದೆ.